ಗುಂಡಿ ಪೆಟ್ಟಿಗೆಯ ಡಾಕ್ಟರಮ್ಮ

ಆ ಬೀದಿಯಲ್ಲಿ ಯಾರಿಗೆ ತಲೆನೋವು ಬಂದರೂ ಮೊದಲು ಹೋಗುತ್ತಿದ್ದುದು ಟೈಲರ್ ಅಕ್ಕನ ಅಂಗಡಿಗೆ. ಕ್ಲಿನಿಕ್ಕಿಗೆ ಹೋದರೆ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯಬೇಕು. ಕಾಯುವಷ್ಟರಲ್ಲಿ, ಬರುವಾಗ ಇಲ್ಲದಿದ್ದ ಕಾಯಿಲೆಯೊಂದು ಪಕ್ಕದವರಿಂದ ಅಂಟಿಕೊಳ್ಳುತ್ತದೆ. ಟೈಲರ್ ಅಕ್ಕನಲ್ಲಿ ಆ ತಾಪತ್ರಯವಿರಲಿಲ್ಲ. ಹೊಲಿಗೆ ಯಂತ್ರದ ಪೆಡಲು ನಿಲ್ಲಿಸದೆಯೇ ಅವಳು ಕೇಳುತ್ತಿದ್ದಳು: "ನೋವು ಎಳೆಯುತ್ತಾ, ಚುಚ್ಚುತ್ತಾ?" ಎಳೆಯುತ್ತದೆ ಎಂದರೆ ಒಂದು ಮಾತ್ರೆ, ಚುಚ್ಚುತ್ತದೆ ಎಂದರೆ ಬೇರೊಂದು. ಎರಡೂ ಆಗುತ್ತದೆ ಎಂದವರಿಗೆ ಎರಡೂ.

ಮಾತ್ರೆಗಳಿದ್ದದ್ದು ಗುಂಡಿ ಪೆಟ್ಟಿಗೆಯಲ್ಲಿ. ಸಣ್ಣ ಸಣ್ಣ ಖಾನೆಗಳ ಹಳೆಯ ಮರದ ಪೆಟ್ಟಿಗೆ ಅದು. ಮೇಲಿನ ತಟ್ಟೆಯಲ್ಲಿ ಅಂಗಿಯ ಗುಂಡಿ, ಕೋಟಿನ ಗುಂಡಿ, ಕೊಕ್ಕೆ. ತಟ್ಟೆ ಎತ್ತಿದರೆ ಕೆಳಗೆ ಔಷಧಾಲಯ. ಜಾಗ ಉಳಿಯಲಿ ಎಂದು ಅವಳು ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ, ಗುಂಡಿಗಳನ್ನು ಬೇರ್ಪಡಿಸುವ ಹಾಗೆಯೇ ಬಣ್ಣ ಮತ್ತು ಗಾತ್ರ ನೋಡಿ ಖಾನೆಗೆ ಹಾಕುತ್ತಿದ್ದಳು. ಸಣ್ಣ ಬಿಳಿಯದು ತಲೆಗೆ, ಗುಲಾಬಿಯದು ಮೊಣಕಾಲಿಗೆ, ಎರಡು ಬಣ್ಣದ ಕ್ಯಾಪ್ಸೂಲು ಕೆಮ್ಮಿಗೆ, ಉದ್ದನೆಯ ಹಳದಿಯದು ದೊಡ್ಡ ನೋವಿಗೆ. ಹೆಸರು ಕೇಳಿದವರಿಗೆ ಅವಳ ಉತ್ತರ ಸಿದ್ಧವಿತ್ತು. "ಗುಂಡಿಗೇನಾದ್ರೂ ಹೆಸರಿರುತ್ತಾ? ಹೊಂದಿದ್ರೆ ಸಾಕಪ್ಪ."

ಸರಬರಾಜಿಗೆ ಕೊರತೆಯಿರಲಿಲ್ಲ. ಕಾಯಿಲೆ ವಾಸಿಯಾದ ಮೇಲೆ ಮಾತ್ರೆ ಉಳಿಯದ ಮನೆ ಯಾವುದಿದೆ? ಎಸೆಯಲು ಹೊಟ್ಟೆ ಉರಿಯುತ್ತದೆ, ಇಟ್ಟುಕೊಂಡರೆ ಮಕ್ಕಳ ಕೈಗೆ ಸಿಗುತ್ತದೆ. ಟೈಲರ್ ಅಕ್ಕನಿಗೆ ಕೊಟ್ಟರೆ ಯಾರಿಗಾದರೂ ಆಗುತ್ತದೆ ಎಂಬುದು ಬೀದಿಯ ವಾಡಿಕೆಯಾಯಿತು. ಯಾರಾದರೂ ತೀರಿಕೊಂಡರೆ, ಅವರ ಪ್ಯಾಂಟುಗಳನ್ನು ಮಗನ ಅಳತೆಗೆ ಕತ್ತರಿಸಿಕೊಡಿ ಎಂದು ತರುತ್ತಿದ್ದ ಚೀಲದಲ್ಲೇ ಅವರ ಮಾತ್ರೆಗಳೂ ಬರುತ್ತಿದ್ದವು. ಪ್ಯಾಂಟಿನ ಹಾಗೆ ಮಾತ್ರೆಯೂ ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತದೆ ಎನ್ನುವುದರಲ್ಲಿ ಕೊಟ್ಟವರಿಗೂ ಅನುಮಾನವಿರಲಿಲ್ಲ, ತೆಗೆದುಕೊಂಡವರಿಗೂ ಇರಲಿಲ್ಲ. ಬೀದಿಯವರು ಅವಳನ್ನು ತಮಾಷೆಗೆ ಡಾಕ್ಟರಮ್ಮ ಎಂದು ಕರೆಯತೊಡಗಿದರು. ಅವಳು ಅದನ್ನು ತಮಾಷೆಯೆಂದು ತಿಳಿಯಲಿಲ್ಲ.

ಅವಳ ಬದುಕಿನಲ್ಲಿ ಬೇರೆ ಬಿರುದು ಯಾವುದೂ ಸಿಕ್ಕಿರಲಿಲ್ಲ ಎನ್ನುವುದನ್ನೂ ಹೇಳಬೇಕು. ತಾಯಿ ಸತ್ತಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ, ತಮ್ಮ ಕೈಗೂಸು. ಅಪ್ಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬಂಥ ಅಪ್ಪ. ಸಮವಸ್ತ್ರ ಹೊಲಿಯುವ ದೊಡ್ಡ ಕಾರ್ಖಾನೆಯಲ್ಲಿ ಹೊಲಿದ ಕಾಲರುಗಳನ್ನು ಒಳಹೊರಗು ತಿರುಗಿಸುವ ಕೆಲಸಕ್ಕೆ ಸೇರಿದಳು. ಯಂತ್ರದ ಕೆಳಗೆ ಬಿದ್ದ ಬಟ್ಟೆ ಚೂರುಗಳ ರಾಶಿಯೇ ತಮ್ಮನ ಹಾಸಿಗೆ. ಅವನಿಗೆ ಹೊಲಿದ ಮೊದಲ ಚಡ್ಡಿಗೆ ಎಷ್ಟು ಮಡಿಕೆ ಇಟ್ಟಿದ್ದಳೆಂದರೆ, ಅವನು ಬೆಳೆದಂತೆಲ್ಲ ಬಿಚ್ಚಿ ಬಿಚ್ಚಿ, ಕೊನೆಗೆ ಬಟ್ಟೆ ಹರಿಯಿತೇ ಹೊರತು ಮಡಿಕೆ ಮುಗಿಯಲಿಲ್ಲ. ಅವಳಿಗೆ ಮದುವೆಯ ಮಾತು ಬಂದಾಗಲೆಲ್ಲ ತಮ್ಮನಿಗೆ ಜ್ವರ ಬರುತ್ತಿತ್ತು. ನಿಜವಾದ ಜ್ವರವೇ, ಅವಳೇ ಹಣೆ ಮುಟ್ಟಿ ನೋಡುತ್ತಿದ್ದಳು. ಕೊನೆಗೆ ಮದುವೆಯಾದದ್ದು ಅವನಿಗೆ. ಡ್ರೈವಿಂಗ್ ಕಲಿತು, ಶಾಲೆಯ ವ್ಯಾನಿನ ಚಾಲಕನಾಗಿ, ಬೀದಿಯ ಮಕ್ಕಳಿಗೆಲ್ಲ ವ್ಯಾನ್ ಮಾಮನಾದ.

ಹಿಂದಿನ ವರ್ಷ ವ್ಯಾನಿನ ಚಕ್ರ ಬದಲಿಸುವಾಗ ವ್ಯಾನ್ ಮಾಮನ ಸೊಂಟ ಹಿಡಿದುಕೊಂಡಿತು. ಡಾಕ್ಟರು ಕೆಲವು ದಿನಕ್ಕೆ ಮಾತ್ರೆ ಬರೆದು, ಬೆನ್ನಿನ ವ್ಯಾಯಾಮ ಹೇಳಿಕೊಟ್ಟರು. ಮಾತ್ರೆ ಮುಗಿಯಿತು. ವ್ಯಾಯಾಮ ಶುರುವಾಗಲೇ ಇಲ್ಲ.

"ಅಕ್ಕಾ, ಸೀಟಿನಲ್ಲಿ ಕೂರೋಕೇ ಆಗ್ತಿಲ್ಲ," ಎಂದು ಅವನು ಬಂದು ನಿಂತಾಗ ಅವಳು ಒಂದು ಕ್ಷಣವೂ ಯೋಚಿಸದೆ ತಟ್ಟೆ ಎತ್ತಿ, ಉದ್ದನೆಯ ಹಳದಿಯದನ್ನು ಅವನ ಅಂಗೈಗಿಟ್ಟಳು. ಕ್ಯಾನ್ಸರ್ ಆಗಿ ತೀರಿಕೊಂಡ ಪಕ್ಕದ ಬೀದಿಯವರೊಬ್ಬರ ಮನೆಯಿಂದ ಬಂದಿದ್ದ ಮಾತ್ರೆ. ತಮ್ಮನ ಮುಖದ ಗಂಟು ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡಿತು. ಅವಳಿಗೆ ಆ ದಿನ ಹೊಲಿದ ಹೊಲಿಗೆಯೆಲ್ಲ ನೆಟ್ಟಗೆ ಬಂತು.

ಆಮೇಲೆ ಅದು ರೂಢಿಯಾಯಿತು. ಅಂಗಡಿಯ ಶಟರ್ ಭಾರ. ದಿನಾ ಬೆಳಿಗ್ಗೆ ತಮ್ಮನೇ ಬಂದು ಅದನ್ನು ಎತ್ತಿ ಹೋಗುತ್ತಿದ್ದ. ಕೀಲಿ ಅವನ ಬಳಿಯೇ ಇತ್ತು. ಸೊಂಟ ನೋವಿನ ಮನುಷ್ಯ ದಿನಾ ಅಷ್ಟು ಭಾರದ ಶಟರ್ ಎತ್ತಲು ತಾನಾಗಿ ಓಡಿ ಬರುತ್ತಾನಲ್ಲ ಎಂದು ಡಾಕ್ಟರಮ್ಮನಿಗೆ ಹೊಳೆಯಲಿಲ್ಲ. ಅಕ್ಕನ ಮೇಲೆ ಎಂಥ ಪ್ರೀತಿ ಎಂದುಕೊಂಡಳು.

ಒಂದು ಸಂಜೆ ತಮ್ಮನ ಹೆಂಡತಿ ಬಂದಳು. ಬಟ್ಟೆ ತಂದಿರಲಿಲ್ಲ.

"ಅತ್ತಿಗೆ, ಇವರು ಊಟಕ್ಕೆ ಕೂತವರು ತಟ್ಟೆ ಮುಂದೇನೇ ತೂಕಡಿಸ್ತಾರೆ. ಎಬ್ಬಿಸಿದ್ರೆ ಸಿಟ್ಟು. ಮೈಯೆಲ್ಲ ಕೆರ್ಕೊಂಡು ಗಾಯ ಮಾಡ್ಕೊಂಡಿದ್ದಾರೆ."

"ದುಡಿಯೋ ಗಂಡಸಿಗೆ ನಿದ್ದೆ ಬರದೆ ಇನ್ಯಾರಿಗೆ ಬರ್ಬೇಕು? ಸೋಪು ಬದಲಾಯಿಸು."

"ಇದು ಅಂಥ ನಿದ್ದೆ ಅಲ್ಲ ಅತ್ತಿಗೆ. ನನಗೆ ಭಯ ಆಗ್ತಿದೆ."

"ಅವನನ್ನ ಸಾಕಿದವಳು ನಾನು. ಭಯ ಪಡೋದಿದ್ರೆ ನಾನೇ ಮೊದಲು ಪಡ್ತಿದ್ದೆ," ಎಂದು ಟೈಲರ್ ಅಕ್ಕ ಪೆಡಲು ತುಳಿದಳು. ಯಂತ್ರದ ಸದ್ದಿನಲ್ಲಿ ತಮ್ಮನ ಹೆಂಡತಿ ಇನ್ನೂ ಏನೋ ಹೇಳಿದ್ದು ಕೇಳಿಸಲಿಲ್ಲ. ಕೇಳಿಸದಿರಲಿ ಎಂದೇ ತುಳಿದದ್ದು.

ಕೆಲವೇ ದಿನಗಳಲ್ಲಿ ಹಳದಿ ಖಾನೆ ತಳ ಕಂಡಿತು. ತಾನು ಕೊಟ್ಟಿದ್ದಕ್ಕಿಂತ ಬಹಳ ಹೆಚ್ಚು ಖಾಲಿಯಾಗಿತ್ತು. ಅವಳು ತಮ್ಮನನ್ನೇ ಕರೆದು ತೋರಿಸಿದಳು. ಅವನು ಪೆಟ್ಟಿಗೆಯನ್ನು ಅಲ್ಲಾಡಿಸಿ, ಮೂಲೆ ಮುಡುಕು ಬಗ್ಗಿ ನೋಡಿ, "ಇಲಿಯೇ ಇರ್ಬೇಕು ಅಕ್ಕಾ," ಎಂದ. ಮರುದಿನ ಒಂದು ಇಲಿಬೋನನ್ನೂ ತಾನೇ ತಂದಿಟ್ಟ. ಪೆಟ್ಟಿಗೆಯಲ್ಲಿ ಹಳದಿ ಕಡಿಮೆಯಾಯಿತಲ್ಲ ಎಂದು ಅವಳು, ಬೇರೊಂದು ಡಬ್ಬದಲ್ಲಿ ಇಟ್ಟಿದ್ದ ಇನ್ನಷ್ಟು ಹಳದಿ ಮಾತ್ರೆಗಳನ್ನು ತಂದು ಅದೇ ಖಾನೆಗೆ ಸುರಿದಳು. ಅದೇ ಬಣ್ಣ, ಅದೇ ಉದ್ದ.

ಇದೇ ಹೊತ್ತಿಗೆ ಬಡಾವಣೆಯ ಸಂಘಕ್ಕೆ ಜ್ಞಾನೋದಯವಾಯಿತು. ಮನೆಮನೆಯಲ್ಲಿ ಉಳಿದ ಮಾತ್ರೆಗಳು ತಪ್ಪು ಕೈಗೆ ಸಿಕ್ಕಿ ಚಟವಾಗುತ್ತಿವೆ, ಕ್ಲಿನಿಕ್, ಶಾಲೆ, ಮೆಡಿಕಲ್ ಶಾಪು, ಸಂಘ ಎಲ್ಲರೂ ಸೇರಿ ಏನಾದರೂ ಮಾಡೋಣ ಎಂದು ಕ್ಲಿನಿಕ್ಕಿನ ನರ್ಸು ಬಹಳ ದಿನಗಳಿಂದ ಬಾಗಿಲು ತಟ್ಟುತ್ತಿದ್ದಳು. ಸಂಘದ ಅಧ್ಯಕ್ಷರು ಬಾಗಿಲು ತೆಗೆದದ್ದು ಬ್ಯಾನರಿನಲ್ಲಿ ತಮ್ಮ ಫೋಟೋ ಹಾಕಬಹುದೆಂದು ತಿಳಿದ ದಿನ. ಪ್ರತಿ ಮನೆಗೂ ಒಂದು ಬಟ್ಟೆ ಚೀಲ. ಉಳಿದ ಮಾತ್ರೆಗಳನ್ನು ಅದರಲ್ಲಿ ಹಾಕಿ ಮೆಡಿಕಲ್ ಶಾಪಿನ ಬೀಗದ ಡಬ್ಬಿಗೆ ತಂದು ಹಾಕಬೇಕು. ಚೀಲ ಹೊಲಿಯುವ ಕೆಲಸ ಟೈಲರ್ ಅಕ್ಕನ ಪಾಲಿಗೆ ಬಂತು.

ಅಳತೆ ಹೇಳಲು ನರ್ಸು ಅಂಗಡಿಗೆ ಬಂದಳು. "ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋಗಬಾರದು ಅಕ್ಕಾ, ಅಷ್ಟೇ ವಿಷಯ."

"ಹೌದೌದು. ಜನಕ್ಕೆ ಬುದ್ಧಿ ಎಲ್ಲಿದೆ?" ಎಂದಳು ಟೈಲರ್ ಅಕ್ಕ, ಗುಂಡಿ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಕಾಲಿನಿಂದ ಸರಿಸುತ್ತ. ಅವಳು ಮೋಸ ಮಾಡುತ್ತಿದ್ದಳೆಂದು ತಿಳಿಯಬೇಡಿ. ಆ ಮಾತು ಕಂಡಕಂಡವರಿಗೆ ಅನ್ವಯಿಸುತ್ತದೆ, ಅನುಭವಸ್ಥರಿಗಲ್ಲ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದಳು.

ಕಾರ್ಯಕ್ರಮ ಶಾಲೆಯ ಸಭಾಂಗಣದಲ್ಲಿ, ಮಕ್ಕಳು ಮನೆಗೆ ಹೊರಡುವ ಹೊತ್ತಿಗೆ. ಕರೆದುಕೊಂಡು ಹೋಗಲು ಬಂದ ತಂದೆತಾಯಿಗಳು ತಪ್ಪಿಸಿಕೊಳ್ಳದಿರಲಿ ಎಂಬ ಉಪಾಯ. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಎಷ್ಟು ದೊಡ್ಡದಿತ್ತೆಂದರೆ, ಜನ ದೂರವಿಡಬೇಕಾದದ್ದು ಮಾತ್ರೆಯನ್ನೋ ಅವರನ್ನೋ ಎಂದು ಗೊಂದಲವಾಗುತ್ತಿತ್ತು. ಚೀಲ ಹೊಲಿದ ಪುಣ್ಯಕ್ಕೆ ಟೈಲರ್ ಅಕ್ಕನಿಗೂ ವೇದಿಕೆಯ ಮೇಲೆ ಕುರ್ಚಿ. ಕಿಟಕಿಯ ಪಕ್ಕದ್ದು. ಅಳತೆ ಪಟ್ಟಿ ಕೊರಳಲ್ಲೇ ಇತ್ತು. ತೆಗೆಯಲು ಮರೆತಿದ್ದಳೋ, ಗುರುತಿರಲಿ ಎಂದು ಬಿಟ್ಟಿದ್ದಳೋ.

ಮೊದಲು ನರ್ಸು ಮಾತಾಡಿದಳು. ಭಾಷಣದ ಹಾಗಿರಲಿಲ್ಲ.

"ಇದು ಕೆಟ್ಟವರಿಗೆ ಬರೋ ಚಟ ಅಂತ ತಿಳ್ಕೋಬೇಡಿ. ಶುರುವಾಗೋದು ನಿಜವಾದ ನೋವಿಂದಲೇ. ಸೊಂಟ ನೋವು, ಆಪರೇಷನ್, ಇಂಥದ್ದು. ನೋವಿಗೆ ಅಂತ ತಗೊಳ್ತಾರೆ. ಆಮೇಲೆ ನೋವು ಹೋದ್ರೂ ಮಾತ್ರೆ ಬೇಕು ಅನ್ಸುತ್ತೆ, ತಗೊಳ್ದೇ ಇದ್ರೆ ಮೈ ಕೇಳೋದಿಲ್ಲ. ಊಟದ ಮಧ್ಯೆ ತೂಕಡಿಸ್ತಾರೆ. ಮೈ ಕೆರ್ಕೋತಾರೆ. ಬಿಸಿಲಲ್ಲಿ ಎಲ್ಲರ ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಇವರದು ನೆರಳಲ್ಲೂ ಸೂಜಿ ಮೊನೆಯಷ್ಟೇ ಇರುತ್ತೆ. ಮನೇಲಿರೋ ಮಾತ್ರೆ ಕಾಣೆಯಾಗುತ್ತೆ. ಮನೆಯವರು ಏನೋ ಒಂದು ಕಾರಣ ಹುಡುಕ್ಕೊಂಡು ಸುಮ್ಮನಾಗ್ತಾರೆ."

ಟೈಲರ್ ಅಕ್ಕ ಮೊದಮೊದಲು ಗತ್ತಿನಿಂದ ತಲೆಯಾಡಿಸುತ್ತಿದ್ದಳು. ಸೊಂಟ ನೋವು ಎಂದಾಗಲೂ ಆಡಿಸಿದಳು. ತೂಕಡಿಸುತ್ತಾರೆ ಎಂದಾಗ ತಲೆ ನಿಂತಿತು. ಕೆರೆದುಕೊಳ್ಳುತ್ತಾರೆ ಎಂದಾಗ ಕೊರಳ ಅಳತೆ ಪಟ್ಟಿಯನ್ನು ಕೈಗೆ ಸುತ್ತಿಕೊಂಡಳು. ಇಲಿ! ಅಷ್ಟು ವರ್ಷ ಹೊಲಿಗೆ ಅಂಗಡಿ ನಡೆಸಿದವಳಿಗೆ ಅದು ಹೊಳೆಯಬೇಡವೇ! ಕಪಾಟಿನ ತುಂಬ ಇರುವ ಬಟ್ಟೆಯನ್ನು ಮೂಸಿಯೂ ನೋಡದೆ ಪೆಟ್ಟಿಗೆಯ ಮುಚ್ಚಳ ತೆಗೆದು, ತಟ್ಟೆ ಎತ್ತಿ, ಹಳದಿ ಮಾತ್ರೆಯನ್ನೇ ಆರಿಸಿ ತಿಂದು, ಮತ್ತೆ ತಟ್ಟೆ ಮುಚ್ಚಿ ಹೋಗುವ ಇಲಿ ಎಲ್ಲಿಯದು?

ಅವಳು ಕಿಟಕಿಯ ಹೊರಗೆ ನೋಡಿದಳು. ಅಂಗಳದಲ್ಲಿ ವ್ಯಾನು ನಿಂತಿತ್ತು. ಸಣ್ಣ ತರಗತಿಯ ಮಕ್ಕಳು ಚೀಲ ಎಳೆದಾಡುತ್ತ ಹತ್ತುತ್ತಿದ್ದರು. ಚಾಲಕನ ಸೀಟಿನಲ್ಲಿ ತಮ್ಮ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟುಕೊಂಡಿದ್ದ. ಹಿಂದಿನಿಂದ ಒಬ್ಬ ಹುಡುಗಿ ಅವನ ಭುಜ ತಟ್ಟಿದಳು. ಏಳಲಿಲ್ಲ. ಮತ್ತೆ ತಟ್ಟಿದಳು. ತಲೆಯೆತ್ತಿ, ಎತ್ತಲೋ ನೋಡಿ ನಕ್ಕು, ಎಂಜಿನ್ ಶುರು ಮಾಡಿದ.

ವೇದಿಕೆಯ ಮೇಲೆ ಅಧ್ಯಕ್ಷರು, "ಈ ಬಡಾವಣೆಯ ಬಗ್ಗೆ ನಾನು ಕಂಡ ಕನಸು..." ಎಂದು ಕನಸನ್ನು ಬಿಚ್ಚತೊಡಗಿದ್ದರು. ಟೈಲರ್ ಅಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಎಲ್ಲಿಗೆ ಅಕ್ಕಾ? ನೆನಪಿನ ಕಾಣಿಕೆ ಕೊಡೋದಿದೆ ನಿಮಗೆ!"

"ವ್ಯಾನು ನಿಲ್ಲಿಸ್ಬೇಕು."

"ಯಾಕೆ, ನನ್ನ ಕಾರಿಗೆ ಅಡ್ಡ ನಿಂತಿದೆಯಾ?"

ಅವಳು ಆಗಲೇ ಮೆಟ್ಟಿಲಿಳಿದಿದ್ದಳು. ಜೀವಮಾನವೆಲ್ಲ ಕೂತೇ ಕೆಲಸ ಮಾಡಿದ ಹೆಂಗಸು. ಓಡಿದ್ದು ಯಾವಾಗ ಎಂದು ಕಾಲುಗಳಿಗೇ ಮರೆತುಹೋಗಿತ್ತು. ಅಂಗಳಕ್ಕೆ ಬರುವಷ್ಟರಲ್ಲಿ ವ್ಯಾನು ಗೇಟಿನತ್ತ ಹೊರಳಿತ್ತು. ಕೂಗಿದಳು, ಕೇಳಿಸಲಿಲ್ಲ. ಪಕ್ಕದ ಓಣಿಯಿಂದ ನುಗ್ಗಿ, ಗೇಟಿನ ಎರಡು ಕಂಬಗಳ ನಡುವೆ ಹೋಗಿ ನಿಂತು, ಎರಡೂ ಕೈ ಚಾಚಿದಳು. ವ್ಯಾನು ಬರುತ್ತಲೇ ಇತ್ತು. ಗಾಜಿನ ಹಿಂದಿನ ತಮ್ಮನ ಮುಖ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ಅವಳು ಕಾಣುತ್ತಿರಲಿಲ್ಲ. ಕಣ್ಣುಗಳು ತೆರೆದೇ ಇದ್ದವು, ನೋಟ ಮಾತ್ರ ಬೇರೆಲ್ಲೋ ಇತ್ತು. ಮಕ್ಕಳು ಕಿರುಚಿದ ಮೇಲೆ ಬ್ರೇಕ್ ಬಿತ್ತು. ಬಂಪರು ಅವಳ ಮೊಣಕಾಲಿಗೆ ತಾಗಿ ನಿಂತಿತು.

"ಅಕ್ಕಾ, ತಲೆಗಿಲೆ ಕೆಟ್ಟಿದೆಯಾ ನಿಂಗೆ?"

"ಕೀಲಿ ಕೊಡು."

"ಮಕ್ಕಳನ್ನ ಬಿಟ್ಟು ಬರ್ತೀನಿ. ಆಮೇಲೆ ಅದೇನಿದ್ರೂ ಹೇಳು."

"ಕೀಲಿ ಕೊಡೋ!"

"ವ್ಯಾನ್ ಮಾಮಂಗೆ ಅವರಕ್ಕ ಬೈತಿದ್ದಾರೆ!" ಎಂದು ಹಿಂದಿನ ಸೀಟಿನಿಂದ ಯಾರೋ ಘೋಷಿಸಿದರು. ಭಯದಿಂದ ಕಿರುಚಿದ್ದ ಮಕ್ಕಳೆಲ್ಲ ಈಗ ಗೊಳ್ಳೆಂದರು. ದೊಡ್ಡವರೂ ಬೈಸಿಕೊಳ್ಳುವುದನ್ನು ನೋಡುವ ಭಾಗ್ಯ ದಿನಾ ಸಿಗುವುದಿಲ್ಲವಲ್ಲ.

ಅವಳು ಅವನ ಕಿಟಕಿಗೆ ಬಂದು ಕಣ್ಣು ನೋಡಿದಳು. ವ್ಯಾನಿನೊಳಗೆ ನೆರಳಿತ್ತು. ಪಾಪೆಗಳು ಸೂಜಿ ಮೊನೆಯಷ್ಟೇ ಇದ್ದವು.

"ಏನು ತಗೊಂಡಿದ್ದೀಯ?"

ಅವನು ದನಿ ತಗ್ಗಿಸಿದ. "ನೀನು ಕೊಟ್ಟಿದ್ದನ್ನೇ. ನಿನ್ನ ಅಂಗಡೀದೇ. ಎಲ್ಲರ ಮುಂದೆ ಕೇಳ್ತೀಯಾ? ಹಾಗಿದ್ರೆ ಎಲ್ಲರ ಮುಂದೆ ಹೇಳ್ಲಾ? ಡಾಕ್ಟರಮ್ಮನ ಮರ್ಯಾದೆ ಏನಾಗುತ್ತೆ ನೋಡ್ಕೋ."

ಅಷ್ಟರಲ್ಲಿ ಸಭಾಂಗಣವೇ ಅಂಗಳಕ್ಕೆ ಬಂದಿತ್ತು. ಮುಂದೆ ಅಧ್ಯಕ್ಷರು, ಅರ್ಧಕ್ಕೆ ತುಂಡಾದ ಕನಸಿನ ಸಿಟ್ಟಿನಲ್ಲಿ. ಆದರೂ ಒಳ್ಳೆಯ ಮನುಷ್ಯ. ತಾವೇ ಒಂದು ಕಾರಣ ಒದಗಿಸಿದರು. "ಏನಮ್ಮಾ, ಬ್ರೇಕ್ ಫೇಲಾ?"

"ಹೌದು ಸರ್, ಅದೇ," ಎಂದ ತಮ್ಮ ತಟ್ಟನೆ. "ಸ್ವಲ್ಪ ಲೂಸಾಗಿದೆ. ಅಕ್ಕ ಗಾಬರಿಯಾಗ್ಬಿಟ್ಲು."

ಎಷ್ಟು ಚೊಕ್ಕದಾದ ಸುಳ್ಳು! ಅಳತೆ ತೆಗೆದು ಹೊಲಿದ ಹಾಗಿತ್ತು. ಅವಳು ಹೂಂ ಎಂದರೆ ಸಾಕು. ವ್ಯಾನು ಗ್ಯಾರೇಜಿಗೆ, ಮಕ್ಕಳು ಕ್ಷೇಮವಾಗಿ ಮನೆಗೆ, ತಮ್ಮನ ಕೆಲಸ ಉಳಿಯಿತು, ಅವಳ ಹೆಸರೂ ಉಳಿಯಿತು. ನಾಳೆ ಬೆಳಿಗ್ಗೆ ಶಟರ್ ಎತ್ತಲು ಅವನು ಓಡಿ ಬರುತ್ತಾನೆ.

"ಬ್ರೇಕ್ ಸರಿ ಇದೆ," ಎಂದಳು ಟೈಲರ್ ಅಕ್ಕ. "ಡ್ರೈವರ್ ಸರಿ ಇಲ್ಲ. ಮಾತ್ರೆ ನುಂಗಿದ್ದಾನೆ, ಬಹಳ ದಿನದಿಂದ. ಕೊಟ್ಟಿದ್ದು ನಾನು."

 ಎಲ್ಲರೂ ಒಟ್ಟಿಗೇ ಶುರು ಮಾಡಿದರು. "ನಮ್ಮ ಅಂಗಡೀದಲ್ಲ, ಎಲ್ಲರೂ ಕೇಳಿಸ್ಕೊಳ್ಳಿ!" ಎಂದರು ಮೆಡಿಕಲ್ ಶಾಪಿನವರು. ತಾಯಂದಿರು ಮಕ್ಕಳನ್ನು ಕಿಟಕಿಯಿಂದಲೇ ಎಳೆದುಕೊಂಡರು. "ನಮ್ಮ ಮಕ್ಕಳ ಜೀವದ ಜೊತೆ ಆಟ ಆಡಿದ್ರಾ?" ಎಂದು ಒಬ್ಬಾಕೆ ಅತ್ತಳು, ಅವಳೂ ಆ ಪೆಟ್ಟಿಗೆಯ ಗಿರಾಕಿಯೇ, ಆದರೆ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. "ಬೀದೀಲಿ ಯಾರ್ಯಾರಿಗೆ ಕೊಟ್ಟಿದ್ದೀರಿ, ಹೆಸರು ಹೇಳಿ, ಒಬ್ಬರನ್ನೂ ಬಿಡೋದಿಲ್ಲ," ಎಂದು ಅಧ್ಯಕ್ಷರು ಗುಡುಗಿದಾಗ, ಅವರ ಹೆಂಡತಿ ಗುಂಪಿನ ನಡುವಿನಿಂದ, "ರೀ, ಸುಮ್ಮನಿರಿ. ನಿಮ್ಮ ಮೊಣಕಾಲಿಗೆ ದಿನಾ ಏನು ತಿಂತಿದ್ದೀರಿ?" ಎಂದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಗುಂಪಿನ ಸದ್ದು ಅರ್ಧಕ್ಕರ್ಧ ಇಳಿಯಿತು. ಬಹಳ ಜನಕ್ಕೆ ತಂತಮ್ಮ ಮೊಣಕಾಲು ನೆನಪಾಗಿರಬೇಕು.

ನರ್ಸು ಮಾತ್ರ ಯಾರನ್ನೂ ಬೈಯಲಿಲ್ಲ. ಕಿಟಕಿಯ ಬಳಿ ನಿಂತು ಕೈ ಚಾಚಿದಳು. ಅಕ್ಕನಿಗೆ ಕೊಡದ ಕೀಲಿಯನ್ನು ತಮ್ಮ ನರ್ಸಿನ ಕೈಗಿಟ್ಟ.

"ನನ್ನನ್ನ ಪೊಲೀಸಿಗೆ ಕೊಡ್ತೀರಾ?"

"ಡಾಕ್ಟರಿಗೆ ಕೊಡ್ತೀನಿ. ಅಕ್ಕಾ, ಅವರು ತಗೋತಿದ್ದಿದ್ದನ್ನ ತಗೊಂಡು ಬನ್ನಿ. ಏನು ಅಂತ ಗೊತ್ತಾಗ್ಬೇಕು."

ಗುಂಡಿ ಪೆಟ್ಟಿಗೆ ಕ್ಲಿನಿಕ್ಕಿನ ಮೇಜಿನ ಮೇಲೆ ಬಂತು. ಮೆಡಿಕಲ್ ಶಾಪಿನವರು ತಮ್ಮ ಅಂಗಡಿಯ ಮಾನ ಕಾಯಲು ಬಂದವರು, ಹಳದಿ ಖಾನೆಯ ಮಾತ್ರೆಗಳನ್ನು ಅಂಗೈಯಲ್ಲಿ ಹರಡಿ, ಕನ್ನಡಕ ಮೇಲೆತ್ತಿ, ಒಂದೊಂದರ ಮೇಲೂ ಒತ್ತಿದ್ದ ಗುರುತು ಓದಿದರು. ಅವರ ಮುಖ ಇಳಿಯಿತು.

"ಇದು ಒಂದಲ್ಲ. ಎರಡು ಬೇರೆ ಬೇರೆ. ಇದು ಕ್ಯಾನ್ಸರ್ ನೋವಿಂದು. ಇದು ನಿದ್ದೆ ಮಾತ್ರೆ. ಯಾರು ಸೇರಿಸಿದ್ದು?"

"ನಾನೇ," ಎಂದಳು ಟೈಲರ್ ಅಕ್ಕ. "ಬಣ್ಣ ಒಂದೇ ಇತ್ತು."

"ಎರಡೂ ಒಟ್ಟಿಗೆ ಹೊಟ್ಟೆಗೆ ಹೋದ್ರೆ ನಿದ್ದೇಲೇ ಉಸಿರು ನಿಂತುಹೋಗುತ್ತೆ, ಅಮ್ಮಾ!"

ಅವಳು ಬೆಂಚಿನ ಮೇಲೆ ಕೂತಳು.  ಎದುರಿನ ಬೆಂಚಿನಲ್ಲಿ ತಮ್ಮನ ಪಕ್ಕ ಅವನ ಹೆಂಡತಿ ಕೂತು, ಗಂಡನ ಎದೆ ಏರಿಳಿಯುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವನು ತೂಕಡಿಸಿದಾಗಲೆಲ್ಲ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಟೈಲರ್ ಅಕ್ಕ ಏನೋ ಹೇಳಲು ಬಾಯಿ ತೆರೆದಳು. "ಈಗ ಬೇಡ ಅತ್ತಿಗೆ," ಎಂದಳು ಅವಳು, ತಿರುಗದೆ.

ಡಾಕ್ಟರು ಮೂವರನ್ನೂ ಒಳಗೆ ಕರೆದು, ಅವನ ನಾಡಿ, ಉಸಿರು, ಕಣ್ಣು ಎಲ್ಲ ನೋಡಿದರು. ಅಪಾಯ ದಾಟುವವರೆಗೆ ಇಲ್ಲೇ ಮಲಗಿಸಿಕೊಳ್ಳುತ್ತೇವೆ ಎಂದರು. ವ್ಯಾನು ಸದ್ಯಕ್ಕೆ ಓಡಿಸುವ ಹಾಗಿಲ್ಲ. ಮಾತ್ರೆಯನ್ನು ಹಠ ಹಿಡಿದು ಒಮ್ಮೆಗೇ ನಿಲ್ಲಿಸುವುದೂ ಬೇಡ, ನಿಧಾನವಾಗಿ ಇಳಿಸಬೇಕು. ಸೊಂಟಕ್ಕೆ ಬೇರೆ ದಾರಿಯಿದೆ. ಆದರೆ ಎಲ್ಲಿಂದ ಇಳಿಸಬೇಕು ಎನ್ನುವುದು ಗೊತ್ತಾಗದೆ ಏನೂ ಮಾಡಲಾಗದು.

"ದಿನಕ್ಕೆ ಎಷ್ಟು ತಗೋತೀರಿ?"

"ಒಂದು," ಎಂದ ತಮ್ಮ. "ಜಾಸ್ತಿ ನೋವಿದ್ರೆ ಎರಡು."

ಟೈಲರ್ ಅಕ್ಕನಿಗೆ ಅದು ಸುಳ್ಳೆಂದು ಗೊತ್ತಿತ್ತು. ಅವನಿಗೆ ಮಾತು ಬರುವುದಕ್ಕೆ ಮೊದಲಿನಿಂದಲೂ ಅವನ ಪರವಾಗಿ ಉತ್ತರ ಹೇಳುತ್ತ ಬಂದವಳು ಅವಳು. ಶಾಲೆಯಲ್ಲಿ ಹೆಸರು ಕೇಳಿದರೆ ಅವಳೇ ಹೇಳಿದ್ದಳು, ಹೆಣ್ಣಿನ ಮನೆಯವರು ಸಂಬಳ ಕೇಳಿದರೂ ಅವಳೇ. ನೋವು ಎಳೆಯುತ್ತದೋ ಚುಚ್ಚುತ್ತದೋ ಎಂಬುದನ್ನೂ ಅವನನ್ನು ಕೇಳದೆಯೇ ತೀರ್ಮಾನಿಸಿದವಳು. ಈಗಲೂ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸಬಲದಿಂದ ತಮ್ಮ ಅವಳ ಮುಖ ನೋಡಿದ.

ಅವಳು ತುಟಿ ಬಿಗಿಹಿಡಿದು, ನೆಲ ನೋಡುತ್ತ ಕೂತಳು. ಡಾಕ್ಟರೂ ಅವಸರ ಮಾಡಲಿಲ್ಲ. ತಮ್ಮನ ಹೆಂಡತಿ ಅವನ ತೋಳು ಬಿಟ್ಟಳು. ಹೊರಗೆ ಯಾರದೋ ಟೋಕನ್ ಕೂಗಿದರು; ಯಾರೋ ಎದ್ದು, ಅದು ತಮ್ಮದಲ್ಲವೆಂದು ಮತ್ತೆ ಕೂತರು.

ಅಕ್ಕ ಮುಖ ಎತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ.

"ಅದು ಬರೀ ಮಧ್ಯಾಹ್ನದ ಲೆಕ್ಕ ಡಾಕ್ಟ್ರೇ," ಎಂದ. "ಬೆಳಗಿಂದ ಹೇಳ್ತೀನಿ, ಬರ್ಕೊಳ್ಳಿ."